ಬಿಗಿದಷ್ಟೂ ಸೋರುವ ಚೇಂಬರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಯಾವ ಹಳ್ಳಿಗೇ ಹೋಗಲಿ, ಮನೆಯ ಮುಂದಿನ ಕಲ್ಲುಹಾಸಿನ ಮೇಲೆ, ಜೀಪೋ ಟ್ರ್ಯಾಕ್ಟರೋ ರಾತ್ರಿಯೆಲ್ಲ ನಿಂತು ಹೋದ ಜಾಗದಲ್ಲಿ, ಅಂಗೈಯಗಲದ ಒಂದು ಕಪ್ಪು ಕಲೆ ಕಣ್ಣಿಗೆ ಬೀಳದಿರುವುದು ಅಪರೂಪ. ಆ ಕಲೆ ಎಲ್ಲಿಂದ ಬಂದಿತೆಂಬುದನ್ನು ಮನೆಯ ಮಕ್ಕಳೂ ಬಲ್ಲರು. ಎಂಜಿನ್ನಿನ ತಳದಲ್ಲಿ ಬೋಲ್ಟುಗಳಿಂದ ಬಿಗಿದ ಎಣ್ಣೆಯ ತೊಟ್ಟಿಯೊಂದುಂಟು. ಗ್ಯಾರೇಜಿನವರು ಅದನ್ನು ಚೇಂಬರು ಎನ್ನುತ್ತಾರೆ. ಅದರ ಅಂಚಿನಿಂದ ಆಯಿಲು ಜಿನುಗಿದೆ. ಜಿನುಗಿದರೆ ಬೋಲ್ಟು ಬಿಗಿಯಬೇಕೆಂಬುದೂ ಎಲ್ಲರಿಗೂ ಹೊಳೆಯತಕ್ಕ ಉಪಾಯವೇ. ಆದರೆ ಹಾಗೆ ಬಿಗಿದವರಲ್ಲಿ ಬಹುಮಂದಿಗೆ ಆಗುವ ಅನುಭವ ವಿಚಿತ್ರವಾದುದು: ಒಂದೆರಡು ದಿನ ಸೋರಿಕೆ ನಿಂತಂತೆ ತೋರಿ, ವಾರ ಕಳೆಯುವುದರೊಳಗೆ ಮೊದಲಿಗಿಂತಲೂ ಹೆಚ್ಚಾಗಿ ಸೋರತೊಡಗುತ್ತದೆ; ಇನ್ನೂ ಬಿಗಿದರೆ ಇನ್ನೂ ಸೋರುತ್ತದೆ.

ಬಿಗಿತವೇ ಸೋರಿಕೆಯನ್ನು ತಡೆಯುವುದಾದರೆ, ಅಧಿಕವಾದ ಬಿಗಿತ ಅದನ್ನು ಹೆಚ್ಚಿಸುವುದೆಂತು? ಈ ಪ್ರಶ್ನೆಗೆ ಉತ್ತರ ದೊರೆತಲ್ಲಿ, ಮನೆಯಂಗಳದಲ್ಲಿಯೇ ಚೇಂಬರಿನ ಅಂಚಿಗೆ ಇಡುವ ಪ್ಯಾಕಿಂಗನ್ನು ಬದಲಾಯಿಸುವ ಕೆಲಸದ ಪ್ರತಿಯೊಂದು ಹೆಜ್ಜೆಗೂ ಕಾರಣ ತಾನಾಗಿಯೇ ತಿಳಿದುಬರುತ್ತದೆ. ಕಾರಣವನ್ನು ಅರಿತ ಕೈಗೆ ಹೇಳಿಕೊಡಬೇಕಾದುದೂ ಹೆಚ್ಚು ಉಳಿಯುವುದಿಲ್ಲ.

ಒತ್ತಡವಿಲ್ಲದ ಎಣ್ಣೆ

ಎಂಜಿನ್ನಿನೊಳಗೆ ಆಯಿಲು ಎರಡು ಅವಸ್ಥೆಗಳಲ್ಲಿರುತ್ತದೆ. ಪಂಪಿನಿಂದ ಹೊರಟು ಕ್ರ್ಯಾಂಕಿನ ಬೇರಿಂಗುಗಳ ಕಡೆಗೆ ಸಾಗುವಾಗ ಅದರ ಮೇಲಿನ ಒತ್ತಡ ವಾಯುಮಂಡಲದ ಒತ್ತಡದ ಮೂರು ನಾಲ್ಕು ಪಟ್ಟಿನಷ್ಟಿರುತ್ತದೆ. ಅಲ್ಲಿ ತನ್ನ ಕಾರ್ಯವನ್ನು ಮುಗಿಸಿ, ಬೇರಿಂಗಿನ ಅಂಚಿನಿಂದ ಚಿಮ್ಮಿ, ಎಂಜಿನ್ನಿನ ಒಳಗೋಡೆಗಳನ್ನು ನೆನೆಸುತ್ತ ಇಳಿದು ಚೇಂಬರನ್ನು ಸೇರುವ ವೇಳೆಗೆ ಆ ಒತ್ತಡವೆಲ್ಲವೂ ಕಳೆದುಹೋಗಿರುತ್ತದೆ. ವಾಹನ ಸಮನೆಲದಲ್ಲಿ ನಿಂತಾಗ ಅನೇಕ ಎಂಜಿನ್ನುಗಳಲ್ಲಿ ಆಯಿಲಿನ ಮಟ್ಟ ಚೇಂಬರಿನ ಅಂಚನ್ನು ಮುಟ್ಟುವುದೂ ಇಲ್ಲ. ಅಂಚನ್ನು ನೆನೆಸುವುದು ಮೇಲಿನಿಂದ ಇಳಿಯುವ ತೆಳುವಾದ ಪೊರೆ ಮಾತ್ರ. ನೂಕುವ ಬಲವೇ ಇಲ್ಲದ ಈ ದ್ರವ ಇಪ್ಪತ್ತು ಬೋಲ್ಟುಗಳ ಬಿಗಿತವನ್ನು ದಾಟಿ ಹೊರಬರುತ್ತಿದೆಯೆಂದರೆ, ಅದು ಬಲದಿಂದ ಬರುತ್ತಿಲ್ಲ, ದಾರಿ ತೆರೆದಿರುವುದರಿಂದ ಬರುತ್ತಿದೆ ಎಂದೇ ಅರ್ಥ.

ದಾರಿ ಸೂಕ್ಷ್ಮವಾದರೂ ನಷ್ಟ ಸೂಕ್ಷ್ಮವಲ್ಲ. ಆಯಿಲಿನ ಒಂದು ಹನಿ ಸುಮಾರು ಒಂದು ಮಿಲಿಲೀಟರಿನ 30ನೆಯ ಒಂದಂಶ. ನಿಮಿಷಕ್ಕೆ ಒಂದೇ ಹನಿ ಬಿದ್ದರೂ ದಿನಕ್ಕೆ ಸುಮಾರು 50 ಮಿಲಿಲೀಟರು, ಎರಡು ತಿಂಗಳಿಗೆ 3 ಲೀಟರಿನ ಸಮೀಪ ನೆಲದ ಪಾಲಾಗುತ್ತದೆ. ಸಾಮಾನ್ಯವಾದ ಕಾರಿನ ಎಂಜಿನ್ನಿನಲ್ಲಿ ಇರುವುದೇ ಮೂರೂವರೆ ನಾಲ್ಕು ಲೀಟರು.

ಸಂದಿನ ಲೆಕ್ಕ

ಲೋಹದ ಮುಖವನ್ನು ಯಂತ್ರದಲ್ಲಿ ಎಷ್ಟೇ ನಯವಾಗಿ ಹೆರೆದರೂ ಅದರ ಮೇಲೆ ಮಿಲಿಮೀಟರಿನ ಸಾವಿರದಲ್ಲಿ ಕೆಲವು ಅಂಶಗಳಷ್ಟು ಎತ್ತರದ ಉಬ್ಬುತಗ್ಗುಗಳು ಉಳಿದೇ ಉಳಿಯುತ್ತವೆ. ಇಂತಹ ಎರಡು ಮುಖಗಳನ್ನು ಒಂದರ ಮೇಲೊಂದಿಟ್ಟರೆ ಅವು ಉಬ್ಬುಗಳ ತುದಿಯಲ್ಲಿ ಮಾತ್ರ ಕೂಡುತ್ತವೆ. ನಿಜವಾದ ಸ್ಪರ್ಶ, ಕಣ್ಣಿಗೆ ತೋರುವ ವಿಸ್ತಾರದ ಅತ್ಯಲ್ಪ ಭಾಗದಲ್ಲಿ ಮಾತ್ರ ಉಂಟೆಂಬುದನ್ನು ಕೇಂಬ್ರಿಜ್ಜಿನ ಬೌಡನ್ ಮತ್ತು ಟೇಬರ್ ಎಂಬಿಬ್ಬರು ವಿಜ್ಞಾನಿಗಳು 1930ರ ದಶಕದಲ್ಲಿ ಪ್ರಯೋಗಗಳಿಂದ ತೋರಿಸಿದರು. ಇದು ಚೆನ್ನಾಗಿ ಹೆರೆದ ಲೋಹದ ಮಾತು. ನಮ್ಮ ಚೇಂಬರಾದರೋ ಬಹುಮಟ್ಟಿಗೆ ಒಂದೆರಡು ಮಿಲಿಮೀಟರು ದಪ್ಪದ ಉಕ್ಕಿನ ತಗಡನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ವಸ್ತು. ಅದರ ಅಂಚಿನ ಏರುಪೇರು ಹೆರೆದ ಮುಖದ ಏರುಪೇರಿಗಿಂತ ನೂರು ಪಟ್ಟು ಹೆಚ್ಚಿದ್ದರೂ ಆಶ್ಚರ್ಯವಿಲ್ಲ.

ಈ ಸಂದುಗಳಲ್ಲಿ ದ್ರವ ಹರಿಯುವುದಕ್ಕೆ ಒಂದು ನಿಯಮವಿದೆ. ಈ ಅಧ್ಯಾಯದ ತಿರುಳೆಲ್ಲ ಅದರ ಮೇಲೆ ನಿಂತಿದೆ. ಪ್ಯಾರಿಸಿನ ವೈದ್ಯ ಪೊಯ್ಸೆಯ್ ಎಂಬಾತ ರಕ್ತ ಅತಿ ಸಣ್ಣ ನಾಳಗಳಲ್ಲಿ ಹೇಗೆ ಹರಿಯುವುದೆಂಬ ಕುತೂಹಲದಿಂದ ಪ್ರೇರಿತನಾಗಿ, 1840ರ ಸುಮಾರಿನಲ್ಲಿ ಕೂದಲೆಳೆಯಷ್ಟು ಸಣ್ಣ ಗಾಜಿನ ನಳಿಕೆಗಳಲ್ಲಿ ನೀರನ್ನು ಹರಿಸಿ ಅಳೆದನು. ನಳಿಕೆಯ ವ್ಯಾಸ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಕಾಲೂ ಆಗುವುದಿಲ್ಲ, 16ರಲ್ಲಿ ಒಂದಂಶಕ್ಕೆ ಇಳಿದುಬಿಡುತ್ತದೆ ಎಂಬುದು ಅವನಿಗೆ ಕಂಡುಬಂದಿತು. ಚೇಂಬರಿನ ಅಂಚಿನಲ್ಲಿರುವುದು ನಳಿಕೆಯಲ್ಲ, ಚಪ್ಪಟೆಯಾದ ಸಂದು. ಅಲ್ಲಿಯ ನಿಯಮ ಕೊಂಚ ಸೌಮ್ಯವಾದುದು. ಸಂದು ಅರ್ಧಕ್ಕೆ ಇಳಿದರೆ ಹರಿವು 8ರಲ್ಲಿ ಒಂದಂಶವಾಗುತ್ತದೆ. ಹತ್ತರಲ್ಲೊಂದಂಶಕ್ಕೆ ಇಳಿದರೆ ಸಾವಿರದಲ್ಲೊಂದಂಶವಾಗುತ್ತದೆ.

ಈ ನಿಯಮ ನಮಗೆ ಅನುಕೂಲವೂ ಹೌದು, ಪ್ರತಿಕೂಲವೂ ಹೌದು. ಸಂದನ್ನು ಸಂಪೂರ್ಣವಾಗಿ ಇಲ್ಲವಾಗಿಸಬೇಕಾಗಿಲ್ಲ. ಸಾಕಷ್ಟು ಕಿರಿದಾಗಿಸಿದರೆ ಹರಿವು ಇಲ್ಲವೆಂಬಷ್ಟು ಕ್ಷೀಣಿಸುತ್ತದೆ ಎಂಬುದು ಅನುಕೂಲ. ಆದರೆ ಸುತ್ತಂಚಿನ ನೂರು ಪಾಲುಗಳಲ್ಲಿ ತೊಂಬತ್ತೊಂಬತ್ತು ಭದ್ರವಾಗಿದ್ದು, ಒಂದೇ ಒಂದು ಪಾಲಿನಲ್ಲಿ ಸಂದು ಹತ್ತುಮಡಿ ಅಗಲವಾಗಿದ್ದರೆ, ಆ ಒಂದು ಪಾಲು ಉಳಿದ ತೊಂಬತ್ತೊಂಬತ್ತೂ ಸೇರಿ ಸೋರುವುದರ ಹತ್ತುಮಡಿಯನ್ನು ತಾನೊಂದೇ ಸೋರುತ್ತದೆ. ಸೋರಿಕೆಯನ್ನು ನಿರ್ಣಯಿಸುವುದು ಸರಾಸರಿ ಬಿಗಿತವಲ್ಲ, ಅತ್ಯಂತ ಸಡಿಲವಾದ ಎಡೆ. ಇದಕ್ಕೆ ಕಾವೂ ಸೇರಿಕೊಳ್ಳುತ್ತದೆ: ಟ್ರ್ಯಾಕ್ಟರುಗಳಿಗೆ ಸಾಮಾನ್ಯವಾಗಿ ಹಾಕುವ ದರ್ಜೆಯ ಆಯಿಲಿನ ಸ್ನಿಗ್ಧತೆ, ಎಂದರೆ ಹರಿಯಲೊಲ್ಲದೆ ತಡೆಯುವ ಅದರ ಗುಣ, 40 ಡಿಗ್ರಿಯಿಂದ 100 ಡಿಗ್ರಿಗೆ ಕಾದಾಗ ಏಳೆಂಟರಲ್ಲಿ ಒಂದಂಶಕ್ಕೆ ಇಳಿಯುತ್ತದೆ. ಬೆಳಗಿನ ತಂಪಿನಲ್ಲಿ ಒಣಗಿದಂತಿದ್ದ ಅಂಚು, ಉಳುಮೆ ಮುಗಿಸಿ ಬಂದ ಮಧ್ಯಾಹ್ನ ಹನಿಯಿಕ್ಕುವುದು ಇದರಿಂದಲೇ.

ಏರಿಯ ಕಲ್ಲು, ಏರಿಯ ಮಣ್ಣು

ಲೋಹದಿಂದ ಲೋಹದ ಸಂದನ್ನು ಮುಚ್ಚುವುದು ಸಾಧ್ಯವಿಲ್ಲವಾದ್ದರಿಂದ, ಎರಡರ ನಡುವೆ ಎರಡರ ಆಕಾರಕ್ಕೂ ಒಗ್ಗಿಕೊಳ್ಳುವ ಮೃದುವಾದ ನಡುಪದರವೊಂದನ್ನು ಇಡಬೇಕಾಗುತ್ತದೆ. ಇದೇ ಗ್ಯಾಸ್ಕೆಟ್ಟು, ರೂಢಿಯಲ್ಲಿ ಪ್ಯಾಕಿಂಗು.

ಕೆರೆಯ ಏರಿಯನ್ನು ಬಲ್ಲ ಈ ಸೀಮೆಯವರಿಗೆ ಇಂತಹ ಏರ್ಪಾಡು ಅಪರಿಚಿತವೇನಲ್ಲ. ಏರಿಯ ಒಳಮೈಗೆ ಜೋಡಿಸಿದ ಕಲ್ಲುಗಳು ಅಲೆಯ ಹೊಡೆತವನ್ನು ತಾಳುತ್ತವೆಯೇ ಹೊರತು ನೀರನ್ನು ತಡೆಯುವುದಿಲ್ಲ. ನೀರನ್ನು ತಡೆಯುವುದು ಅವುಗಳ ಹಿಂದೆ ತೇವದಲ್ಲಿ ತುಳಿದು ಅದುಮಿದ ಮಣ್ಣು. ಕಲ್ಲು ಮಣಿಯದು, ಆದುದರಿಂದ ಸಂದನ್ನು ತುಂಬದು. ಮಣ್ಣು ಮಣಿಯುತ್ತದೆ, ಆದುದರಿಂದ ತುಂಬುತ್ತದೆ. ಆದರೆ ತುಂಬಿದ ಮೇಲೂ ಮಣಿಯುವ ಶಕ್ತಿ ಅದರಲ್ಲಿ ಉಳಿದಿರಬೇಕು. ಎರಡು ಮೂರು ವರ್ಷ ಮಳೆ ತಪ್ಪಿ, ಒಣಗಿ ಸೀಳಿದ ಏರಿ, ಮುಂದಿನ ವರ್ಷ ಕೆರೆ ತುಂಬಿದೊಡನೆ ಆ ಸೀಳುಗಳಲ್ಲಿಯೇ ಜಿನುಗತೊಡಗುವುದನ್ನು ಪಾವಗಡದ ಕಡೆಯ ರೈತರಿಗೆ ಹೇಳಿಕೊಡಬೇಕಾದ್ದಿಲ್ಲ.

ಎಂಜಿನ್ನಿನಲ್ಲಿ ಬೋಲ್ಟು ಮತ್ತು ಲೋಹಗಳದು ಕಲ್ಲಿನ ಕೆಲಸ, ಪ್ಯಾಕಿಂಗಿನದು ಮಣ್ಣಿನ ಕೆಲಸ. ಇಲ್ಲಿ ಮಾತ್ರ ಕಲ್ಲುಗಳೂ ಸುಮ್ಮನಿರುವುದಿಲ್ಲ. ಅಲ್ಯುಮಿನಿಯಂ ಕಾದಾಗ ಹಿಗ್ಗುವುದು ಉಕ್ಕಿನ ಸುಮಾರು ಎರಡು ಪಟ್ಟು; ಅಲ್ಯುಮಿನಿಯಮ್ಮಿನ ಎಂಜಿನ್ನಿಗೆ ಉಕ್ಕಿನ ಚೇಂಬರನ್ನು ಜೋಡಿಸಿದ್ದರೆ, 400 ಮಿಲಿಮೀಟರು ಉದ್ದದ ಅಂಚಿನಲ್ಲಿ, ಕಾವು 80 ಡಿಗ್ರಿಯಷ್ಟು ಏರಿದಾಗ, ಒಂದು ಲೋಹ ಇನ್ನೊಂದಕ್ಕಿಂತ ಮಿಲಿಮೀಟರಿನ ಮೂರರಲ್ಲೊಂದು ಭಾಗದಷ್ಟು ಹೆಚ್ಚು ಉದ್ದವಾಗಲು ಹವಣಿಸುತ್ತದೆ. ಪ್ರತಿಯೊಂದು ಸಲ ಎಂಜಿನ್ನು ಕಾದು ಆರಿದಾಗಲೂ ಎರಡು ಅಂಚುಗಳು ಒಂದನ್ನೊಂದು ತಿಕ್ಕಿಕೊಳ್ಳುತ್ತವೆ. ಅದರ ಮೇಲೆ ಎಡೆಬಿಡದ ನಡುಕ. ಇಷ್ಟೆಲ್ಲ ಚಲನೆಯ ನಡುವೆಯೂ ಸಂದು ತೆರೆಯದಿರಬೇಕಾದರೆ, ನಡುಪದರ ಬರಿಯ ತುಂಬುಗೆಯಾಗಿದ್ದರೆ ಸಾಲದು. ಲೋಹ ದೂರ ಸರಿದಷ್ಟೂ ತಾನು ಹಿಗ್ಗಿ ಅದನ್ನು ಹಿಂಬಾಲಿಸಬೇಕು, ಒತ್ತಿದುದಕ್ಕೆ ಎದುರಾಗಿ ಸದಾ ಒತ್ತುತ್ತಿರಬೇಕು. ಈ ಗುಣವನ್ನು ಮರುನೂಕು ಎಂದು ಕರೆಯೋಣ. ಪ್ಯಾಕಿಂಗು ಸೋರಿಕೆಯನ್ನು ತಡೆಯುವುದು ತನ್ನ ಮರುನೂಕಿನಿಂದ. ಬೋಲ್ಟು ಮಾಡುವುದು ಆ ಮರುನೂಕನ್ನು ಎಚ್ಚರಿಸುವ ಕೆಲಸ ಮಾತ್ರ.

ಕಾರ್ಕು, ರಬ್ಬರು

ಹಳೆಯ ಜೀಪು, ಟ್ರ್ಯಾಕ್ಟರುಗಳ ಚೇಂಬರಿಗೆ ಬರುತ್ತಿದ್ದುದು ಕಾರ್ಕಿನ ಪ್ಯಾಕಿಂಗು. ಕಾರ್ಕೆಂಬುದು ಪೋರ್ಚುಗಲ್, ಸ್ಪೇನ್ ಮುಂತಾದ ದೇಶಗಳಲ್ಲಿ ಬೆಳೆಯುವ ಒಂದು ಜಾತಿಯ ಓಕ್ ಮರದ ತೊಗಟೆ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಅದರ ತೆಳುವಾದ ಪದರವೊಂದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಅದು ಅಸಂಖ್ಯಾತ ಪುಟ್ಟ ಗೂಡುಗಳಿಂದಾದುದೆಂದು ಕಂಡು, ಆ ಗೂಡುಗಳಿಗೆ ಕೋಶಗಳೆಂದು ಹೆಸರಿಟ್ಟನು; ಜೀವಶಾಸ್ತ್ರದ ಅತಿ ಮುಖ್ಯವಾದ ಪದವೊಂದು ಹುಟ್ಟಿದುದು ಹೀಗೆ. ಆ ಗೂಡುಗಳಲ್ಲಿ ಸೆರೆಯಾದ ಗಾಳಿಯೇ ಕಾರ್ಕಿನ ಮರುನೂಕಿಗೆ ಆಧಾರ. ಒತ್ತಿದಾಗ ಗೂಡುಗಳು ತಮ್ಮೊಳಗೇ ಕುಗ್ಗುತ್ತವೆಯಾದ್ದರಿಂದ ಕಾರ್ಕು ಪಕ್ಕಕ್ಕೆ ಉಬ್ಬುವುದು ಅತ್ಯಲ್ಪ. ರಬ್ಬರಿನ ಸ್ವಭಾವ ಇದಕ್ಕೆ ವಿರುದ್ಧವಾದುದು: ಅದರ ಆಕಾರ ಬದಲಾದೀತು, ಗಾತ್ರ ಕುಗ್ಗದು, ಮೇಲಿನಿಂದ ಒತ್ತಿದಷ್ಟೂ ಪಕ್ಕಕ್ಕೆ ಹೊರಳುತ್ತದೆ, ಅತಿಯಾಗಿ ಒತ್ತಿದರೆ ಅಂಚಿನಿಂದ ಹೊರಬಂದು ಹರಿದೇಹೋಗುತ್ತದೆ. ಕಾರ್ಕಿನ ಪುಡಿಯನ್ನು ರಬ್ಬರಿನಲ್ಲಿ ಬೆರೆಸಿ ಮಾಡಿದ ಪ್ಯಾಕಿಂಗಿನಲ್ಲಿ ಎರಡರ ಗುಣಗಳನ್ನೂ ಕೂಡಿಸುವ ಪ್ರಯತ್ನವಿದೆ.

ಈ ಎಲ್ಲ ವಸ್ತುಗಳಿಗೂ ಮುಪ್ಪುಂಟು. ವರ್ಷಗಟ್ಟಲೆ ಕಾವಿನಲ್ಲಿ ಬೆಂದ ಪ್ಯಾಕಿಂಗು ಗಡುಸಾಗುತ್ತದೆ, ಒತ್ತಿದಷ್ಟಕ್ಕೇ ಕುಗ್ಗಿ ನಿಂತುಬಿಡುತ್ತದೆ. ಬಿಚ್ಚಿದ ಹಳೆಯ ಪ್ಯಾಕಿಂಗಿನ ಚೂರೊಂದನ್ನು ಬೆರಳುಗಳ ನಡುವೆ ಬಾಗಿಸಿ ನೋಡಿ. ಬಾಗದೆ ಮುರಿದರೆ ಅದರ ಮರುನೂಕು ಎಂದೋ ಸತ್ತುಹೋಗಿದೆ. ಇಂತಹ ಪ್ಯಾಕಿಂಗಿಗೆ ಬೋಲ್ಟು ಬಿಗಿಯುವುದು ನಿಷ್ಫಲವೆಂದಷ್ಟೇ ಅಲ್ಲ, ಅಪಾಯಕರವೂ ಹೌದೆಂಬುದು ಮುಂದಿನ ಮಾತಿನಿಂದ ತಿಳಿಯುತ್ತದೆ.

ಐದು ಕಿಲೋ ಕೈ, ಎಂಟುನೂರು ಕಿಲೋ ಬೋಲ್ಟು

ಚೇಂಬರಿನ ಬೋಲ್ಟುಗಳು ಸಾಮಾನ್ಯವಾಗಿ ಸಣ್ಣವು. ಬಹಳ ವಾಹನಗಳಲ್ಲಿ 10ನೇ ನಂಬರಿನ ಸ್ಪ್ಯಾನರಿಗೆ ಸಿಗುತ್ತವೆ. ಒಂದು ಗೇಣು ಉದ್ದದ ಸ್ಪ್ಯಾನರಿನ ತುದಿಯನ್ನು 5 ಕಿಲೋ ಭಾರದಷ್ಟು ಬಲದಿಂದ ತಿರುಗಿಸಿದರೆ ಇಂತಹ ಬೋಲ್ಟಿಗೆ ಬೇಕಾದ ಬಿಗಿತ ಬಂದುಬಿಡುತ್ತದೆ. ಬೋಲ್ಟಿನ ಮರೆಯ, ಎಂದರೆ ಥ್ರೆಡ್ಡಿನ, ಓರೆ ಎಷ್ಟು ಮಂದವೆಂದರೆ, ಆ 5 ಕಿಲೋ ಬಲ ಬೋಲ್ಟಿನ ಬುಡದಲ್ಲಿ ಸುಮಾರು 800 ಕಿಲೋ ಒತ್ತಾಗಿ ಪರಿಣಮಿಸುತ್ತದೆ. ಇಪ್ಪತ್ತು ಬೋಲ್ಟುಗಳೆಂದರೆ 16 ಟನ್ನು. ಕೈಗೆ ಲಘುವಾಗಿ ತೋರಿದ ಈ ಬಿಗಿತವನ್ನು ಸಾಲದೆಂದು ಬಗೆದು ಮೈಭಾರ ಹಾಕಿ ತಿರುಗಿಸಿದವನು, ತೆಳುವಾದ ತಗಡಿನ ಮೇಲೆ ಎಷ್ಟು ಟನ್ನು ಹೇರಿದನೆಂಬುದನ್ನು ಊಹಿಸಿಕೊಳ್ಳಬಹುದು.

ಆ ಹೇರಿಕೆಯ ಫಲವೇ ನಮ್ಮ ಒಗಟಿನ ಉತ್ತರ. ಬೋಲ್ಟಿನ ಸುತ್ತಲಿನ ತಗಡು ಮೇಲಕ್ಕೆ ಒತ್ತಿಹೋಗಿ ತೂತಿನ ಬಳಿ ಗುಬ್ಬಿ ಏಳುತ್ತದೆ. ಗುಬ್ಬಿ ಎದ್ದಷ್ಟೂ, ಎರಡು ಬೋಲ್ಟುಗಳ ನಡುವಿನ ಅಂಚು ಎಂಜಿನ್ನಿನಿಂದ ದೂರ ಬಾಗುತ್ತದೆ. ಬೋಲ್ಟಿನ ಕೆಳಗಿನ ಪ್ಯಾಕಿಂಗು ನಜ್ಜುಗುಜ್ಜಾಗಿ ಮರುನೂಕನ್ನು ಕಳೆದುಕೊಂಡರೆ, ನಡುವಿನ ಪ್ಯಾಕಿಂಗು ಒತ್ತೇ ಇಲ್ಲದೆ ಸಡಿಲವಾಗುತ್ತದೆ. ಒಟ್ಟು ಒತ್ತು ಹೆಚ್ಚಿದೆ, ಆದರೆ ಅತ್ಯಂತ ಸಡಿಲವಾದ ಎಡೆ ಇನ್ನಷ್ಟು ಸಡಿಲವಾಗಿದೆ; ಸಂದು ಇಮ್ಮಡಿಯಾದ ಕಡೆ ಹರಿವು ಎಂಟುಮಡಿಯಾಗಿದೆ. ಮೊದಲ ದಿನಗಳಲ್ಲಿ ಸೋರಿಕೆ ನಿಂತಂತೆ ತೋರುವುದು ಉಳಿದಿದ್ದ ಅಲ್ಪ ಮರುನೂಕಿನ ಕೊನೆಯ ಚೇಷ್ಟೆ. ಈಚಿನ ಕೆಲವು ಪ್ಯಾಕಿಂಗುಗಳಲ್ಲಿ ಬೋಲ್ಟು ತೂರುವ ತೂತುಗಳಿಗೆ ಲೋಹದ ಪುಟ್ಟ ಬಳೆಗಳನ್ನು ಕೂರಿಸಿರುತ್ತಾರೆ. ಬೋಲ್ಟು ಎಷ್ಟೇ ಬಿಗಿದರೂ ಒತ್ತು ಬಳೆಯ ಎತ್ತರದಲ್ಲಿಯೇ ನಿಲ್ಲುತ್ತದೆ. ಬಹಳ ಬುದ್ಧಿವಂತಿಕೆಯ ಏರ್ಪಾಡು ಅದು.

ಮನೆಯಂಗಳದ ಕೆಲಸ

ಮೊದಲು ತಿಳಿಯತಕ್ಕದ್ದು ಯಾವ ವಾಹನಕ್ಕೆ ಮನೆಯಲ್ಲಿ ಕೈಹಾಕಬಹುದೆಂಬುದು. ಹಳೆಯ ಜೀಪುಗಳೂ ಪಂಪು ನಡೆಸುವ ಡೀಸಲ್ ಎಂಜಿನ್ನುಗಳೂ ಬಹುಮಟ್ಟಿಗೆ ಸುಲಭ. ಆದರೆ ಅನೇಕ ಟ್ರ್ಯಾಕ್ಟರುಗಳಲ್ಲಿ ಚೇಂಬರು ತಗಡಿನದಲ್ಲ, ಎರಕದ ಕಬ್ಬಿಣದ್ದು. ಮುಂದಿನ ಆಕ್ಸಲ್ಲಿನ ಭಾರವನ್ನು ಹೊತ್ತು ಇಡೀ ವಾಹನದ ಬೆನ್ನೆಲುಬಾಗಿರತಕ್ಕದ್ದು. ಅದನ್ನು ಕಳಚುವುದೆಂದರೆ ಟ್ರ್ಯಾಕ್ಟರನ್ನೇ ಎರಡು ತುಂಡು ಮಾಡಿದಂತೆ. ಅದಕ್ಕೆ ವರ್ಕ್‌ಶಾಪೇ ಸರಿಯಾದ ಸ್ಥಳ.

ಸೋರುತ್ತಿರುವುದು ಚೇಂಬರಿನ ಅಂಚೇ ಹೌದೆಂದು ನಿಶ್ಚಯಿಸಿಕೊಳ್ಳುವುದು ಎರಡನೆಯದು. ಮೇಲಿನ ಟ್ಯಾಪೆಟ್ ಕವರಿನಿಂದ ಸೋರಿದ ಆಯಿಲು ಎಂಜಿನ್ನಿನ ಮೈಮೇಲೆ ಇಳಿದು ಬಂದು ಚೇಂಬರಿನ ಅಂಚಿನಲ್ಲಿ ಹನಿಗಟ್ಟುವುದುಂಟು. ಈ ಸೀಮೆಯ ಕೆಂಧೂಳು ಅದಕ್ಕೆ ಅಂಟಿ ಕರಿಯ ಹಕ್ಕಳೆಯಾಗಿ ಮೂಲವನ್ನೇ ಮರೆಮಾಡುತ್ತದೆ. ಹಕ್ಕಳೆಯನ್ನು ಕೆರೆದು, ತೊಳೆದು, ಒರಸಿ, ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ, ಎಂಜಿನ್ನನ್ನು ಕಾಲು ಗಂಟೆ ಓಡಿಸಿ ನಿಲ್ಲಿಸಿ ನೋಡಿದರೆ, ಬಿಳಿಯ ಪುಡಿ ಮೊದಲು ಎಲ್ಲಿ ನೆನೆಯಿತೋ ಅಲ್ಲಿಯೇ ಮೂಲ.

ವಾಹನವನ್ನು ಎತ್ತುವ ವಿಷಯದಲ್ಲಿ ಉಪೇಕ್ಷೆ ಸಲ್ಲದು. ಬರಿಯ ಜಾಕಿಯನ್ನು ನಂಬಿ ಅಡಿಗೆ ನುಸುಳಿದವರ ಪ್ರಾಣ ಹೋದುದುಂಟು. ಕಲ್ಲಿಗೆ ಬರವಿಲ್ಲದ ನಾಡೆಂದು ಕಲ್ಲುಗಳನ್ನು ಪೇರಿಸಿ ಆನಿಸುವ ವಾಡಿಕೆಯೂ ಬಿಡತಕ್ಕದ್ದೇ. ಕಲ್ಲು ಸೀಳುವ ಮುನ್ನ ಸೂಚನೆ ಕೊಡುವುದಿಲ್ಲ. ಗಟ್ಟಿ ನೆಲದ ಮೇಲೆ, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ವಾಹನವನ್ನು ಕೂರಿಸಿ, ಹಿಂದಿನ ಚಕ್ರಗಳಿಗೆ ಅಡ್ಡೆ ಕೊಟ್ಟು, ಅಲುಗಾಡಿಸಿ ನೋಡಿದ ಬಳಿಕವೇ ಕೆಳಗಿಳಿಯಬೇಕು.

ಆಯಿಲು ಉಗುರುಬೆಚ್ಚಗಿರುವಾಗ ಡ್ರೈನ್ ಬೋಲ್ಟು ಬಿಚ್ಚಿ ಬಸಿಯಬೇಕು. ಬಸಿದ ಆಯಿಲನ್ನು ತೊಲೆ ಬಾಗಿಲುಗಳಿಗೆ ಗೆದ್ದಲಿಗೆಂದು ಬಳಿಯುವುದೂ, ಬೇಲಿಯ ಬುಡಕ್ಕೆ ಸುರಿಯುವುದೂ ಹಳ್ಳಿಗಳಲ್ಲಿ ಸಾಮಾನ್ಯ. ಕುಡಿಯುವುದಕ್ಕೂ ಬೇಸಾಯಕ್ಕೂ ಕೊಳವೆಬಾವಿಯನ್ನೇ ನಂಬಿರುವ, ಜಯಮಂಗಲಿ ಸುವರ್ಣಮುಖಿ ನದಿಗಳು ವರ್ಷದ ಬಹುಭಾಗ ಮರಳಾಗಿ ಮಲಗಿರುವ ಈ ನಾಡಿನಲ್ಲಿ, ನೆಲಕ್ಕೆ ಸುರಿದುದು ಎಲ್ಲಿಗೆ ಇಳಿಯುತ್ತದೆಂಬ ವಿವೇಚನೆ ಅವಶ್ಯವಾಗಿ ಬೇಕು. ಬಳಸಿದ ಆಯಿಲನ್ನು ಸರ್ಕಾರದ 2016ರ ನಿಯಮಾವಳಿ ಅಪಾಯಕಾರಿ ತ್ಯಾಜ್ಯವೆಂದೇ ಎಣಿಸಿದೆ. ಡಬ್ಬಿಗೆ ತುಂಬಿ, ಹಳೆ ಆಯಿಲನ್ನು ಸಂಗ್ರಹಿಸುವ ಗ್ಯಾರೇಜಿಗೆ ಒಪ್ಪಿಸುವುದೇ ಕ್ಷೇಮ.

ಬೋಲ್ಟುಗಳನ್ನು ಬಿಚ್ಚಿ ಚೇಂಬರನ್ನು ಇಳಿಸಿದ ಮೇಲೆ, ಅರ್ಧ ದಿನದ ಶ್ರಮವೆಲ್ಲ ಶುಚಿ ಮಾಡುವುದರಲ್ಲಿಯೇ ಕಳೆಯಬೇಕು. ಹಳೆಯ ಪ್ಯಾಕಿಂಗಿನ ಒಂದು ಚೂರು ಅಂಟಿಕೊಂಡಿದ್ದರೂ ಅದರ ಎರಡು ಬದಿಗಳಲ್ಲಿ ಸಂದು ತೆರೆಯುತ್ತದೆ. ಅಲ್ಯುಮಿನಿಯಮ್ಮಿನ ಮುಖವನ್ನು ಉಳಿಯಿಂದ ಕೆರೆಯಬಾರದು. ಒಂದೇ ಗೀರು ಒಳಗಿನಿಂದ ಹೊರಗೆ ಕಾಲುವೆಯಾಗುತ್ತದೆ. ಮರದ ಅಥವಾ ಪ್ಲಾಸ್ಟಿಕ್ಕಿನ ಚಕ್ಕೆ, ತಾಳ್ಮೆ, ಇವೆರಡು ಸಾಕು. ಸೀಮೆಎಣ್ಣೆಯಿಂದ ತೊಳೆದರೆ ಅದರದೇ ಜಿಡ್ಡು ಉಳಿಯುವುದರಿಂದ ಕೊನೆಗೆ ಬಟ್ಟೆಗೆ ಥಿನ್ನರನ್ನು ಹಾಕಿ ಒರಸಬೇಕು. ಸುತ್ತಮುತ್ತ ಬೀಡಿಯ ಕಿಡಿಯೂ ಇರಕೂಡದು. ಬಳಿಕ ಚೇಂಬರಿನ ಅಂಚಿಗೆ ಉಕ್ಕಿನ ಅಳತೆಪಟ್ಟಿಯನ್ನು ನಿಲ್ಲಿಸಿ ಬೆಳಕಿಗೆ ಹಿಡಿದರೆ ತೂತುಗಳ ಬಳಿಯ ಗುಬ್ಬಿಗಳು ಕಾಣುತ್ತವೆ. ಮರದ ದಿಮ್ಮಿಯ ಮೇಲೆ ಅಂಚನ್ನಿಟ್ಟು, ಉರುಟುತಲೆಯ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅವನ್ನು ಸಮಮಾಡಬೇಕು. ಈ ಒಂದು ಹೆಜ್ಜೆಯನ್ನು ಬಿಟ್ಟವನಿಗೆ ಎಷ್ಟು ಬೆಲೆಯ ಪ್ಯಾಕಿಂಗೂ ಸಹಾಯಕ್ಕೆ ಬಾರದು. ರಸ್ತೆಯ ಕಲ್ಲು ಬಡಿದು ಚೇಂಬರಿನ ತಳ ಒಳಕ್ಕೆ ನೆಗ್ಗಿದ್ದರೆ ಅದನ್ನೂ ಈಗಲೇ ನೋಡಬೇಕು. ಆಯಿಲನ್ನು ಹೀರುವ ಜಾಲರಿ ತಳಕ್ಕೆ ಬಹಳ ಸಮೀಪದಲ್ಲಿರುತ್ತದೆ, ನೆಗ್ಗು ಅದರ ಬಾಯಿಯನ್ನು ಮುಚ್ಚೀತು.

ಕಂಪನಿಯ ಪ್ಯಾಕಿಂಗು ಸಿಗದಿದ್ದಾಗ ನಮ್ಮ ಊರುಗಳ ಹಳೆಯ ಮೇಸ್ತ್ರಿಗಳು ಪ್ಯಾಕಿಂಗ್ ಹಾಳೆಯನ್ನು ಎರಕದ ಅಂಚಿನ ಮೇಲೆ ಹಾಸಿ, ಸುತ್ತಿಗೆಯ ಉರುಟುತಲೆಯಿಂದ ಅಂಚಿನುದ್ದಕ್ಕೂ ಹಗುರವಾಗಿ ಬಡಿಯುತ್ತ, ಅಂಚಿನ ಮೊನೆಯೇ ಹಾಳೆಯನ್ನು ಕತ್ತರಿಸುವಂತೆ ಮಾಡಿ, ತೂತುಗಳನ್ನೂ ಹಾಗೆಯೇ ಬಿಡಿಸಿಕೊಳ್ಳುತ್ತಿದ್ದುದು ನೋಡತಕ್ಕ ಕೌಶಲ. ಅಳತೆಯೇ ಇಲ್ಲದೆ ಅಳತೆ ತಪ್ಪದ ವಿದ್ಯೆ ಅದು. ಈಗ ಕಲಿಯುವವರು ವಿರಳವಾಗುತ್ತಿರುವುದು ವ್ಯಥೆಯ ಸಂಗತಿ.

ಈಗಿನ ಅನೇಕ ಕಾರುಗಳಲ್ಲಿ ಪ್ಯಾಕಿಂಗಿನ ಬದಲು ಸಿಲಿಕೋನ್ ಪೇಸ್ಟನ್ನೇ ಬಳಸುತ್ತಾರೆ. ಇದು ಒಣಗಿ ಗಟ್ಟಿಯಾಗುವುದಿಲ್ಲ. ಗಾಳಿಯಲ್ಲಿರುವ ನೀರಾವಿಯೊಡನೆ ಸಂಯೋಗ ಹೊಂದಿ ರಬ್ಬರಾಗುತ್ತದೆ. ಆದುದರಿಂದ ತೇವವಿಲ್ಲದ ಗಾಳಿಯಲ್ಲಿ ಅದು ನಿಧಾನ. ಪಾವಗಡದ ಚೈತ್ರ ವೈಶಾಖಗಳಲ್ಲಿ ಬಿಸಿಲು ಜಾಸ್ತಿಯೆಂದು ಬೇಗ ಆದೀತೆಂಬ ಎಣಿಕೆ ತಪ್ಪು, ಒಂದು ಹಗಲು ಒಂದು ರಾತ್ರಿಗಿಂತ ಹೆಚ್ಚೇ ಕಾಯುವುದು ಮೇಲು. ಪೇಸ್ಟನ್ನು ಸುಮಾರು 3 ಮಿಲಿಮೀಟರಿನ ಒಂದೇ ಎಳೆಯಾಗಿ, ಬೋಲ್ಟಿನ ತೂತುಗಳ ಒಳಬದಿಯಿಂದ ಬಳಸಿ ಎಳೆಯಬೇಕು. ಹೆಚ್ಚು ಹಾಕಿದರೆ ಹೆಚ್ಚು ಭದ್ರವೆಂಬುದು ಭ್ರಮೆ; ಒಳಕ್ಕೆ ಹಿಂಡಿಬಂದ ಪೇಸ್ಟು ತುಂಡಾಗಿ ಬಿದ್ದು, ಹೀರುವ ಜಾಲರಿಗೆ ಅಂಟಿ, ಎಂಜಿನ್ನಿಗೆ ಆಯಿಲೇ ಇಲ್ಲದಂತೆ ಮಾಡೀತು.

ಜೋಡಿಸುವಾಗ ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದಲೇ ಹತ್ತಿಸಿ, ಬಳಿಕ ನಡುವಿನಿಂದ ತುದಿಗಳ ಕಡೆಗೆ, ಒಮ್ಮೆ ಈ ಮಗ್ಗುಲು ಒಮ್ಮೆ ಆ ಮಗ್ಗುಲಾಗಿ, ಮೂರು ಸುತ್ತುಗಳಲ್ಲಿ ಬಿಗಿಯಬೇಕು. ಒಂದು ತುದಿಯಿಂದ ಹೊರಟರೆ ತಗಡಿನ ಬಾಗೆಲ್ಲ ಇನ್ನೊಂದು ತುದಿಗೆ ಸರಿದು ಅಲ್ಲಿ ನಿಲ್ಲುತ್ತದೆ. ಟಾರ್ಕ್ ರೆಂಚಿದ್ದರೆ ತಯಾರಕರು ಹೇಳಿದ ಅಳತೆಗೆ, ಇಲ್ಲದಿದ್ದರೆ ಸಣ್ಣ ಸ್ಪ್ಯಾನರನ್ನು ಮಣಿಕಟ್ಟಿನ ಬಲದಿಂದ ಮಾತ್ರ ತಿರುಗಿಸಬೇಕು. ಕಾರ್ಕಿನ ಅಂಚು ಸುತ್ತಲೂ ಸಮನಾಗಿ ಕೊಂಚವೇ ಕುಗ್ಗಿತೆಂದು ಕಂಡೊಡನೆ ಕೈ ನಿಲ್ಲಬೇಕು. ಡ್ರೈನ್ ಬೋಲ್ಟಿಗೆ ಹೊಸ ವಾಷರು ಹಾಕಬೇಕು. ಕಾರ್ಕಾದರೆ ಮೊದಲ ಸಲ ಕಾದು ಆರಿದ ಮೇಲೆ ಸ್ವಲ್ಪ ಇಳಿಯುವುದು ಸಹಜವಾದ್ದರಿಂದ ಒಮ್ಮೆ, ಒಮ್ಮೆ ಮಾತ್ರ, ಅದೇ ಅಳತೆಗೆ ಮತ್ತೆ ನೋಡಿಕೊಳ್ಳಬಹುದು.

ಮತ್ತೆಯೂ ಸೋರಿದರೆ

ಇಷ್ಟೆಲ್ಲ ಶ್ರದ್ಧೆಯಿಂದ ಮಾಡಿದ ಮೇಲೂ ತಿಂಗಳೊಳಗೆ ಅಂಚು ನೆನೆಯುವುದುಂಟು. ಆಗ ಪ್ಯಾಕಿಂಗನ್ನು ದೂರುವ ಮುನ್ನ ಎಂಜಿನ್ನಿನ ಉಸಿರುಗೊಳವೆಯನ್ನು, ಎಂದರೆ ಬ್ರೀದರನ್ನು, ನೋಡಬೇಕು. ಸಿಲಿಂಡರಿನಲ್ಲಿ ಉರಿದ ಅನಿಲದ ಒಂದು ಅಂಶ ರಿಂಗುಗಳ ಪಕ್ಕದಿಂದ ನುಸುಳಿ ಕೆಳಗಿನ ಕೋಣೆಗೆ ಸದಾ ಇಳಿಯುತ್ತಿರುತ್ತದೆ. ಅದು ಹೊರಹೋಗಲೆಂದೇ ಇರುವ ಕೊಳವೆ ಅದು. ಧೂಳು ಜಿಡ್ಡುಗಳಿಂದ ಕಟ್ಟಿಹೋದರೆ ಒಳಗೆ ಒತ್ತಡ ಬೆಳೆಯುತ್ತದೆ, ನೂಕುವ ಬಲವಿಲ್ಲವೆಂದು ನಾವು ಮೊದಲಿಗೆ ಹೇಳಿದ ಆಯಿಲಿಗೆ ನೂಕುವ ಬಲ ಬರುತ್ತದೆ. ಎಂಜಿನ್ನು ಓಡುತ್ತಿರುವಾಗ ಆಯಿಲು ತುಂಬುವ ಮುಚ್ಚಳವನ್ನು ತೆರೆದರೆ ಹೊಗೆ ಭುಸುಗುಡುತ್ತ ಬರುವುದೇ ಅದರ ಕುರುಹು. ಕೊಳವೆಯನ್ನು ಕಳಚಿ ತೊಳೆದು ಹಾಕಿದ ಮೇಲೂ ಹೊಗೆ ಅಷ್ಟೇ ಬಿರುಸಾಗಿ ಬರುತ್ತಿದ್ದರೆ, ಸವೆದಿರುವುದು ಪಿಸ್ಟನ್ನಿನ ರಿಂಗುಗಳು. ಚೇಂಬರಿನ ಅಂಚಿನಲ್ಲಿ ಮಾಡತಕ್ಕ ಕೆಲಸ ಮುಗಿದಿದೆ, ಎಂಜಿನ್ನನ್ನು ಬಿಚ್ಚಿಸುವ ಏರ್ಪಾಡು ಮಾಡಿಕೊಳ್ಳಬೇಕು.